ಕೊಟ್ಟ ಹೆಜ್ಜೆ

“ನೆಲಾ ನಿಮಗ ಬೇಕಾದಂಗ ಮಾಡಸ್ರಿ ಅಳಿಯಂದ್ರ. ಆದ್ರ ಅಗದ ಮಣ್ಣು ಮಾತ್ರ ಮಂದಿ ಕೈಗೆ ಹೋಗಬಾರ್ದು,” ಎಂದಳು ಅನ್ನವ್ವ.

ಈರೇಶ ನಕ್ಕ. ಅವನು ನಗುವುದು ಮೂಗಿನಿಂದ. ಬಾಯಿ ತೆರೆದು ನಗುವಷ್ಟು ಯೋಗ್ಯತೆಯ ಮಾತನ್ನು ಈ ಊರಿನಲ್ಲಿ ಯಾರೂ ಆಡುವುದಿಲ್ಲ ಎಂಬುದು ಅವನ ತಿಳುವಳಿಕೆ.

“ಯಾಕ್ರಿ ಅತ್ತಿ, ಮಣ್ಣಾಗ ಬಂಗಾರ ಐತೇನು?”

“ಬಂಗಾರ ಅಲ್ರಿ. ಹೆಜ್ಜಿ ಅದಾವ.” ಅನ್ನವ್ವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಮಾಟಾ ಮಾಡವ್ರು ಒಂದ ಹೆಜ್ಜಿ ಮಣ್ಣಿಗೆ ಜೀವಾ ಬಿಡತಾರ. ನೀವು ಇಡೀ ಮನಿ ಹೆಜ್ಜಿ ಹೊರಗ ಹಾಕಾಕ ಹೊಂಟೀರಿ. ಮೊದಲ ಅಂಗಳದಾಗ ನೀರ ಹೊಡದು, ತುಳದು, ರಾಡಿ ಮಾಡ್ರಿ. ಒಂದ ಹೆಜ್ಜಿನೂ ಉಳೀಬಾರ್ದು. ಆಮ್ಯಾಲ ನಮ್ಮ ಹೊಲಕ್ಕ ಹಾಕ್ರಿ. ನಮ್ಮತ್ತಿ ಹಂಗ ಮಾಡಸ್ತಿದ್ಲು.”

“ನಿಮ್ಮತ್ತಿ ಬೂಟ್ ಹಾಕ್ಕೊಂತಿರ್ಲಿಲ್ಲ. ನಾ ಹಾಕ್ಕೊಂತೀನಿ,” ಎಂದು ಈರೇಶ ಅಳತೆಪಟ್ಟಿ ಎಳೆದ.

ಇವನ ಪರಿಚಯ ಮಾಡಿಕೊಡಬೇಕು. ಹುಬ್ಬಳ್ಳಿಯ ಒಂದು ಟೈಲ್ಸ್ ಅಂಗಡಿಯಲ್ಲಿ ಗಿರಾಕಿಗಳಿಗೆ ನೆಲ ತೋರಿಸುವುದು ಅವನ ಕೆಲಸವಾಗಿತ್ತು. ಗುಡಗೇರಿ ಹತ್ತಿರದ ಈ ಊರಿನ ಕುಬೇರಪ್ಪ ತೀರಿಕೊಂಡ ಮೇಲೆ, ಅವನ ಒಬ್ಬಳೇ ಮಗಳು ರೋಹಿಣಿಯ ಗಂಡನೆಂಬ ಕಾರಣಕ್ಕೆ ಮನೆಅಳಿಯನಾಗಿ ಬಂದು ಕೂತ. ಕಪ್ಪು ಮಣ್ಣಿನ ಎರೆ ಹೊಲ, ಹತ್ತಿ, ಮೆಣಸಿನಕಾಯಿ, ದಪ್ಪ ಗೋಡೆಯ ಮಾಳಿಗೆ ಮನೆ, ಎಲ್ಲವೂ ಒಂದು ಹನಿ ಬೆವರಿಲ್ಲದೆ ಕೈಗೆ ಬಂದವು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಅರ್ಧರಾತ್ರಿಯವರೆಗೂ ಕಾಯಲಿಲ್ಲ. ಬಂದ ದಿನವೇ ಬೂಟುಗಾಲಲ್ಲಿ ಪಡಸಾಲೆ ತುಳಿದ.

“ದನಾ ಹಾಕಿದ್ದನ್ನ ನೆಲಕ್ಕ ಬಳಕೊಂಡು ಅದರ ಮ್ಯಾಲ ಉಣ್ಣಾಕ ಕೂಡತೀರಲ್ಲ, ನಿಮಗ ನಾಚಿಕಿ ಇಲ್ಲೇನು?” ಎಂದು ಹೆಂಡತಿಯನ್ನು ಕೇಳುತ್ತಿದ್ದ. ರೋಹಿಣಿ ಹುಟ್ಟಿದ್ದು ಅದೇ ನೆಲದ ಮೇಲೆ, ಅವಳ ಅಪ್ಪನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದೂ ಅದೇ ನೆಲದ ಮೇಲೆ.

ಈ ಮನುಷ್ಯನಲ್ಲಿ ಒಳ್ಳೆಯದೊಂದಿತ್ತು, ಅದನ್ನು ಮುಚ್ಚಿಡುವುದು ಅನ್ಯಾಯ. ಮಗಳು ನೀಲಾಳೆಂದರೆ ಅವನಿಗೆ ಪ್ರಾಣ. ಕೂಸು ಮೊನ್ನೆ ಮೊನ್ನೆ ನಡೆಯಲು ಕಲಿತಿತ್ತು. ಅನ್ನವ್ವ ಸಾರಿಸಿ ಎದ್ದ ಹಸಿ ನೆಲದ ಮೇಲೆಯೇ ಕಂಬ ಬಿಟ್ಟು ಮೊದಲ ಹೆಜ್ಜೆ ಇಟ್ಟಿತ್ತು. ಎರಡು ಹೆಜ್ಜೆ ಓಡಿ, ನಿಂತು, ಯಾರು ನೋಡುತ್ತಿದ್ದಾರೆಂದು ತಿರುಗಿ ನೋಡಿ, ಮತ್ತೆ ಓಡುವ ಅದರ ನಡಿಗೆಯನ್ನು ಈರೇಶ ಮೊಬೈಲಿನಲ್ಲಿ ಹಿಡಿದು ಕಂಡಕಂಡವರಿಗೆ ತೋರಿಸಿದ. ಆ ಪುಟ್ಟ ಪಾದದ ಗುರುತುಗಳು ನೆಲದಲ್ಲಿ ಹಾಗೇ ಒಣಗಿ ಉಳಿದವು. ಅವುಗಳ ಮೇಲೆ ಅನ್ನವ್ವ ಮತ್ತೆ ಕೈ ಆಡಿಸಲಿಲ್ಲ. ಅವನಿಗೆ ಕಂಡದ್ದು ಸಗಣಿ ಮಾತ್ರ. ನನ್ನ ಮಗಳು ಇದರ ಮೇಲೆ ಬೆಳೆಯಬಾರದು ಎಂದು ಅಂದೇ ತೀರ್ಮಾನಿಸಿದ.

ನೆಲದ ವಿಷಯ ಅವನಿಗೆ ಗೊತ್ತಿತ್ತು, ಸುಳ್ಳಲ್ಲ. ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಊರಲ್ಲಿ ಹೊಸ ಟೈಲ್ಸ್ ಹಾಕಿಸಿದ ಮನೆಗಳಲ್ಲೆಲ್ಲ ನೆಲ ಸೀಳಿ ಕೂತಿತ್ತು. ಅದಕ್ಕೆ ಕಟ್ಟಿಗೆಯ ನೆಲವೇ ಸರಿ, ಭೂಮಿಗೆ ಅಂಟಿಕೊಳ್ಳದೆ ಅದರ ಪಾಡಿಗೆ ಅದು ಮೇಲೆ ತೇಲಿಕೊಂಡಿರುತ್ತದೆ ಎಂದ. ಹುಬ್ಬಳ್ಳಿಯಿಂದ ತುಂಡುಗಳನ್ನು ತಂದು ಹೆಂಡತಿಯ ಮುಂದೆ ಹರಡಿದ. ಒಂದನ್ನು ಬೆರಳ ಗೆಣ್ಣಿನಿಂದ ಬಡಿದು, “ಇದು ಹೊಟ್ಟು ಒತ್ತಿ ಮ್ಯಾಲ ಕಟ್ಟಿಗಿ ಫೋಟೋ ಅಂಟಿಸಿದ್ದು. ಬಡವರಿಗೆ,” ಎಂದು ಎಸೆದ. ರೋಹಿಣಿ ಸಾಗವಾನಿಯ ತುಂಡನ್ನು ಮೂಸಿ ನೋಡಿ, ಇದೇ ಇರಲಿ ಎಂದಳು. “ಸಾಗವಾನಿ ಬಾಗಲಕ್ಕ. ಕಾಲಿಗೆ ಓಕ್,” ಎಂದು ಅದನ್ನೂ ಅವಳ ಕೈಯಿಂದ ಕಸಿದುಕೊಂಡ. ಪರದೇಶದ ಓಕ್ ಬಂತು. ಜೇನಿನ ಬಣ್ಣ, ಕನ್ನಡಿಯ ಹೊಳಪು. ಹಾಸುವ ಮೊದಲು ಆ ಪಟ್ಟಿಗಳು ಮನೆಯ ಹವೆಗೆ ಹೊಂದಿಕೊಳ್ಳಬೇಕೆಂದು ಕೆಲವು ದಿನ ಒಳಗೇ ಇರಿಸಿದ. ಕಟ್ಟಿಗೆಗಾದರೂ ಆ ಬುದ್ಧಿ ಇತ್ತು, ತಂದವನಿಗೆ ಇರಲಿಲ್ಲ.

ಆಳುಗಳು ಪಡಸಾಲೆ ಅಗೆದರು. ಪದರ ಪದರವಾಗಿ ಕೂತಿದ್ದ ಹಳೆಯ ಮಣ್ಣು ಎದ್ದು ಬಂದಾಗ ಮನೆಯೆಲ್ಲ ಹಳೆಯ ಸಗಣಿ, ಬೂದಿ, ಬೆವರಿನ ವಾಸನೆ ತುಂಬಿತು. ಅನ್ನವ್ವ ಎರಡು ಕೊಡ ನೀರು ತಂದು ಅಂಗಳದಲ್ಲಿಟ್ಟು ಕಾದಳು. ಈರೇಶ ಅತ್ತ ನೋಡಲೂ ಇಲ್ಲ. ಮಣ್ಣನ್ನೆಲ್ಲ ಟ್ರ್ಯಾಕ್ಟರಿನ ಟ್ರೇಲರಿಗೆ ಹೇರಿಸಿ, ತಾನೇ ಚಾಲಕನ ಪಕ್ಕ ಕೂತು ಊರ ಹೊರಗೆ ಹೊರಟ. ಅತ್ತೆಗೊಂದು ಪಾಠ ಕಲಿಸಬೇಕೆಂಬ ಚಪಲ ಹತ್ತಿತ್ತು.

ಊರ ಹೊರಗಿನ ಬನ್ನಿಗಿಡದ ಪಕ್ಕದ ತಗಡಿನ ಮನೆಯಲ್ಲಿ ತಿರಕಪ್ಪನಿದ್ದ. ದನಕ್ಕೆ ದೃಷ್ಟಿ ತೆಗೆಯುವುದು, ತಾಯತ ಕಟ್ಟುವುದು ಅವನ ಕಸುಬು. ಹಗೆಯವರ ಹೆಜ್ಜೆ ಮಣ್ಣನ್ನು ಅರಿವೆಯಲ್ಲಿ ಕಟ್ಟಿ ತಂದುಕೊಟ್ಟರೆ ಬೇರೆ ಕೆಲಸವನ್ನೂ ಮಾಡುತ್ತಾನೆ ಎಂದು ಜನ ಪಿಸುಗುಟ್ಟುತ್ತಿದ್ದರು. ಈರೇಶ ಅವನ ಬಾಗಿಲ ಮುಂದೆಯೇ ಟ್ರೇಲರ್ ಎತ್ತಿಸಿ ಮಣ್ಣು ಸುರಿಸಿದ. ಧೂಳು ಎದ್ದಿತು. ಚಹಾದಂಗಡಿಯ ಮಂದಿ ತಮಾಷೆ ನೋಡಲು ಬಂದು ನಿಂತರು.

“ಏ ತಿರಕಪ್ಪ, ಹೊರಗ ಬಾ! ಚಿಟಿಕಿ ಚಿಟಿಕಿ ಯಾಕ ಕದೀತಿ? ತಗೋ, ಇಡೀ ಮನಿ ಹೆಜ್ಜಿ ನಿನಗ ಕೊಟ್ಟೀನಿ.”

ಮಂದಿ ಕೇಕೆ ಹಾಕಿ ನಕ್ಕರು. ತಿರಕಪ್ಪ ನಗಲಿಲ್ಲ. ಅವನ ಮುಖ ಬಿಳಿಚಿತ್ತು.

“ಧಣ್ಯಾರ, ಕೊಟ್ಟೀನಿ ಅನಬ್ಯಾಡ್ರಿ. ಕದ್ದ ಹೆಜ್ಜಿ ತಿರುಗಿ ತರಬೋದು. ಕೊಟ್ಟ ಹೆಜ್ಜಿ ಬರೂದಿಲ್ಲ. ಹಿಂದಕ ತಗೊಂಡೀನಿ ಅನ್ರಿ, ಈಗಿಂದೀಗ ಅನ್ರಿ.”

“ಕೊಟ್ಟಿದ್ದು ಕೊಟ್ಟಂಗ,” ಎಂದ ಈರೇಶ. ಎರಡೂ ಕೈ ಝಾಡಿಸಿ ಧೂಳು ಉದುರಿಸಿದ. ನಕ್ಕ ಶೂರರೆಲ್ಲ ಮನೆಗೆ ಹೋಗುವಾಗ ಆ ಗುಡ್ಡೆಯನ್ನು ಬಳಸಿ ಬೇರೆ ದಾರಿ ಹಿಡಿದರು.

ನೆಲ ಸಿದ್ಧವಾಯಿತು. ಗರಸು ಮಣ್ಣು, ಅದರ ಮೇಲೆ ಕಾಂಕ್ರೀಟು, ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಓಕಿನ ಪಟ್ಟಿಗಳು. ಹುಬ್ಬಳ್ಳಿಯಿಂದ ಬಂದ ಸಾಧಿಕ್ ಒಂದೊಂದನ್ನೂ ಬಡಿದು ಕೂಡಿಸಿದ. ಊರವರು ನೋಡಲು ಬಂದರೆ ಈರೇಶ ಬಾಗಿಲಲ್ಲೇ ಒದ್ದೆ ಬಟ್ಟೆ ಕೊಟ್ಟು ಕಾಲು ಒರೆಸಿಕೊಳ್ಳಲು ಹೇಳುತ್ತಿದ್ದ. ಮುದುಕಿಯೊಬ್ಬಳು, “ಇದರ ಮ್ಯಾಲ ಶೇಂಗಾ ಒಣಗಸಬೋದೇನ್ರಿ?” ಎಂದು ಕೇಳಿದ್ದಕ್ಕೆ ಇಡೀ ದಿನ ನಕ್ಕ, ಮೂಗಿನಿಂದ.

ಅದಾದ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ. ಹಳೆಯ ಮನೆಯ ಪಡಸಾಲೆ ಹಗಲಲ್ಲೂ ಕತ್ತಲು. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಒಂದು ಕೋಲಿನಷ್ಟು ಬೆಳಕು ಬಿಟ್ಟರೆ ಬೇರೆ ಇಲ್ಲ. ರೋಹಿಣಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಲ್ಲಿ ಯಾರೋ ನಡೆದರು.

ಟಕ್. ಸರ್‌ರ್. ಟಕ್. ಸರ್‌ರ್.

ರೋಹಿಣಿಯ ಕೈ ಹಿಟ್ಟಿನ ಮೇಲೆ ನಿಂತಿತು. ಎತ್ತು ತುಳಿದ ಮೇಲೆ ಕುಬೇರಪ್ಪ ಸಾಯುವವರೆಗೂ ಎಡಗಾಲು ಎಳೆದು ನಡೆದಿದ್ದ. ಮಣ್ಣಿನ ನೆಲದಲ್ಲಿ ಆ ಸಪ್ಪಳ ಕೇಳಿಸುತ್ತಲೇ ಇರಲಿಲ್ಲ. ಕಟ್ಟಿಗೆ ಅದನ್ನು ಡೋಲಿನಂತೆ ಬಾರಿಸಿ ಹೇಳುತ್ತಿತ್ತು.

“ರೀ, ಅಪ್ಪ ನಡದಂಗಾತು.”

“ನಿಮ್ಮಪ್ಪ ಅಲ್ಲ, ಕಟ್ಟಿಗಿ,” ಎಂದ ಈರೇಶ. “ಕಟ್ಟಿಗಿ ಉಸರಾಡತೈತಿ. ಹವಾ ಬದಲಾದಂಗ ಹಿಗ್ಗತೈತಿ, ಕುಗ್ಗತೈತಿ. ಅದಕ್ಕಂತ ಗ್ವಾಡಿ ಬಾಜೂಕ ಸಂದಿ ಬಿಟ್ಟಿರತಾರ. ಸಾಧಿಕ್ ಕಡಿಮಿ ಬಿಟ್ಟಿರಬೇಕು.”

ಸಾಧಿಕ್ ಬಂದ. ಮೊಣಕಾಲೂರಿ ಗೋಡೆಯ ಬದಿ ಚಾಕು ಆಡಿಸಿ, “ಸಂದಿ ಸರಿ ಐತ್ರಿ ಸರ್,” ಎಂದ. ಹಾಗೆಂದ ಬಾಯಿ ಮುಚ್ಚುವ ಮೊದಲೇ ಅವನ ಬೆನ್ನ ಹಿಂದೆ ಕಂಬದಿಂದ ಬಾಗಿಲವರೆಗೆ ಟಕ್, ಸರ್‌ರ್ ಎಂದು ಸಪ್ಪಳ ಹಾದುಹೋಯಿತು. ಅವನು ಚೀಲ ಬಿಟ್ಟು ಹೋದವನು ಮತ್ತೆ ಫೋನು ಎತ್ತಲಿಲ್ಲ.

ಆಮೇಲೆ ಒಂದಲ್ಲ, ಹಲವು. ಬರಿಗಾಲು, ಕಾಲುಂಗುರದ ಕಾಲು, ಕೋಲೂರಿದ ಕಾಲು. ಮನೆ ಕಳೆದುಕೊಂಡ ಹೆಜ್ಜೆಗಳು ಹಗಲೆಲ್ಲ ಆ ಹೊಳಪಿನ ಮೇಲೆ ಜಾಗ ಹುಡುಕುತ್ತ ತಿರುಗಿದವು. ಪಾಲಿಶ್ ವಾಸನೆಯ ಅಡಿಯಿಂದ ಹಳೆಯ ಸಗಣಿಯ ವಾಸನೆ ಏಳತೊಡಗಿತು. ಅನ್ನವ್ವ ಪಡಸಾಲೆಗೆ ಕಾಲಿಡುವುದನ್ನು ಬಿಟ್ಟು ಹಿತ್ತಲಿಂದಲೇ ಓಡಾಡಿದಳು. ಈರೇಶ ಮಾತ್ರ ಟೀವಿ ಸಪ್ಪಳ ಏರಿಸಿ ಕೂತ. ಕಿವಿ ಮುಚ್ಚಿಕೊಂಡವನಿಗೆ ಗುಡುಗಿನ ಹೆದರಿಕೆ ಎಲ್ಲಿ?

ಒಂದು ಮುಂಜಾನೆ ನೀಲಾ ತೊಟ್ಟಿಲು ಹಿಡಿದು ಎದ್ದಳು. ಕುಸಿದಳು. ಅಪ್ಪ ಎತ್ತಿ ನಿಲ್ಲಿಸಿದ. ಮತ್ತೆ ಕುಸಿದಳು. ಕಾಲುಗಳು ಒದ್ದೆ ಬಟ್ಟೆಯಂತೆ ಜೋತಾಡಿದವು. ಹುಬ್ಬಳ್ಳಿಗೆ ಓಡಿದರು. ನರ ಸರಿ ಇದೆ, ಎಲುಬು ಸರಿ ಇದೆ, ರಕ್ತ ಸರಿ ಇದೆ ಎಂದರು ಡಾಕ್ಟರು. ಹಾಗಾದರೆ ನೀವೇ ಸರಿ ಇಲ್ಲ ಎಂದು ಈರೇಶ ಅವರಿಗೂ ಬೈದು ಬಂದ.

ಅವತ್ತು ಸಂಜೆ ಮೋಡ ಕವಿದು ಕರೆಂಟು ಹೋಯಿತು. ಈರೇಶ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಂಬಕ್ಕೆ ಒರಗಿದ್ದ. ರೋಹಿಣಿ ದೀಪ ತರಲು ಒಳಗೆ ಹೋಗಿದ್ದಳು. ಕತ್ತಲಲ್ಲಿ ಎದುರಿನ ಗೋಡೆಯ ಬಳಿ ಸಪ್ಪಳವಾಯಿತು.

ತಪ್ ತಪ್.

ನಿಂತಿತು. ಮತ್ತೆ ತಪ್ ತಪ್.

ಎರಡು ಹೆಜ್ಜೆ ಓಡುವುದು. ನಿಲ್ಲುವುದು. ತಿರುಗಿ ನೋಡುವುದು. ಅವನ ಕೈ ತಾನಾಗಿ ತೊಡೆಯ ಮೇಲಿನ ಕೂಸನ್ನು ತಡವಿತು. ಕೂಸು ಅಲ್ಲೇ ಇತ್ತು, ಬೆಚ್ಚಗೆ. ಅದರ ಕಾಲು ತಣ್ಣಗಿತ್ತು. ಜೀವನದಲ್ಲಿ ಮೊದಲ ಸಲ ಅವನು ಹೆದರಿದ. ಸಪ್ಪಳ ತಲೆಬಾಗಿಲ ಕಡೆ ಓಡಿತು. ಹೊಸ್ತಿಲಿಗೆ ಒಂದು ಗೇಣು ಉಳಿದಿರುವಾಗ ನಿಂತಿತು.

“ನಾಳೆ ದಾಟತೈತಿ,” ಎಂದಳು ಅನ್ನವ್ವ, ಅಡುಗೆಮನೆಯ ಕತ್ತಲಿನಿಂದ. “ಕೂಸಿನ ಹೆಜ್ಜಿ ಎಳೇದು, ಮೊದಲ ಹೋಗೂದು ಅದ. ಹೊರಗ ಹೋದ ನಡಿಗಿ ತಿರುಗಿ ಬರೂದಿಲ್ಲ. ಹೋಗ್ರಿ, ಯಾರಿಗೆ ಕೊಟ್ಟೀರಿ ಅವ್ರ ಕಾಲ ಹಿಡೀರಿ.”

ಮರುದಿನ ಮಧ್ಯಾಹ್ನ ಈರೇಶ ಬನ್ನಿಗಿಡದ ಹತ್ತಿರ ನಿಂತಿದ್ದ. ಮಳೆ ಹೊಡೆದು ಹೋಗಿತ್ತು. ಸುತ್ತಲಿನ ಎರೆ ಕರಗಿ ಜವುಗಾಗಿದ್ದರೂ ಆ ಗುಡ್ಡೆ ಒಂದಿಷ್ಟೂ ಕರಗಿರಲಿಲ್ಲ. ಅದರ ಮೈತುಂಬ ಪಾದದ ಗುರುತು. ದೊಡ್ಡವು, ಸಣ್ಣವು, ಒಂದು ಎಳೆದಿದ್ದು. ಎಲ್ಲವೂ ಮನೆಯ ಕಡೆ ಮುಖ ಮಾಡಿದ್ದವು.

“ತಿರಕಪ್ಪ, ನಿನ್ನ ಮಾಟಾ ತಗಿ. ಕೇಳಿದ್ದು ಕೊಡ್ತೀನಿ.”

“ನಾ ಮಾಡಿದ್ರ ನಾ ತಗೀತಿದ್ನಿ,” ಎಂದ ತಿರಕಪ್ಪ. ಅವನ ಮುಖದಲ್ಲಿ ಕನಿಕರ ಇರಲಿಲ್ಲ. “ನಾ ಆ ಮಣ್ಣ ಮುಟ್ಟೇ ಇಲ್ಲ. ನಿಮ್ಮ ಬಾಯಿಲೆ ನೀವ ಕೊಟ್ರಿ. ಈಗ ಒಯ್ದು ನಿಮ್ಮ ಅಂಗಳದಾಗ ಹಾಕಿ ರಾಡಿ ಮಾಡಿ ತುಳೀರಿ. ಮಣ್ಣು ಮನಿಯವ್ರ ಹೆಜ್ಜಿ ಬಿಡತೈತಿ. ತುಳದವನ ಹೆಜ್ಜಿ ಹಿಡೀತೈತಿ. ಆಮ್ಯಾಲ ಆ ಮಣ್ಣ ಎಲ್ಲಿ ಐತಿ, ಅಲ್ಲಷ್ಟ ನಿಮಗ ಕಾಲು.”

ಆಗ ಈರೇಶ ಕೇಳಿದ ಮಾತನ್ನು ಬರೆಯಲೂ ಅಸಹ್ಯವಾಗುತ್ತದೆ.

“ಆಳ ಹಚ್ಚಿ ತುಳಸಿದ್ರ ನಡೀತೈತೇನು?”

ತಿರಕಪ್ಪ ಕ್ಯಾಕರಿಸಿ ಅವನ ಬೂಟಿನ ಪಕ್ಕ ಉಗಿದ. “ಕೊಟ್ಟಾಂವ ತುಳೀಬೇಕು. ಇಲ್ಲಂದ್ರ ಸುಮ್ನ ಮನೀಗೆ ಹೋಗಿ ಕೂಡ್ರಿ. ಕೂಸು ಉಳೀತೈತಿ. ನಡಿಗಿ ಹೋಗತೈತಿ, ಅಷ್ಟ.”

ಮಣ್ಣು ಅಂಗಳಕ್ಕೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಹೇರಲು ಬಂದ ಆಳುಗಳು ಇಳಿಸಿದವರೇ ಓಡಿದರು. ಅನ್ನವ್ವ ಕೊಡದ ಮೇಲೆ ಕೊಡ ನೀರು ಸುರಿದಳು. ರೋಹಿಣಿ ಕೂಸನ್ನು ಎದೆಗೆ ಅವಚಿಕೊಂಡು ಹೊಸ್ತಿಲ ಮೇಲೆ ಅಡ್ಡ ಕೂತಳು. ಈರೇಶ ಬೂಟು ಬಿಚ್ಚಿದ. ಬಿಸಿಲು ಕಾಣದ ಪಾದಗಳು ಹಸಿ ಮೂಲಂಗಿಯಂತೆ ಬೆಳ್ಳಗಿದ್ದವು. ಇನ್ನೂ ನಿಂತೇ ಇದ್ದ. ಈ ಕಾಲಿನಲ್ಲಿ ಹುಬ್ಬಳ್ಳಿಯ ಬೀದಿ ಸುತ್ತಿದ್ದೆ, ಬಸ್ಸು ಹತ್ತಿದ್ದೆ ಎಂದು ಲೆಕ್ಕ ಹಾಕುತ್ತಿದ್ದನೇನೋ.

ಒಳಗೆ, ಕತ್ತಲಲ್ಲಿ, ಕಟ್ಟಿಗೆ ಸದ್ದು ಮಾಡಿತು.

ತಪ್ ತಪ್.

“ಬಂತು,” ಎಂದಳು ರೋಹಿಣಿ. “ರೀ, ಬಂತು!”

ಈರೇಶ ಇಳಿದ. ಮಣ್ಣು ತಣ್ಣಗಿತ್ತು. ಬಾಯಿಯಂತೆ ಹಿಡಿಯಿತು. ಒಂದು ಕಾಲು ಕಿತ್ತ. ಇನ್ನೊಂದು ಹೂತಿತು. ತುಳಿದ. ಅಡಿಯಲ್ಲಿ ಏನೋ ಅಲುಗಿತು. ಒಂದು ಹಿಮ್ಮಡಿ ಅವನ ಹಿಮ್ಮಡಿಗೆ ತಾಗಿತು. ಎಳೆಯುವ ಕಾಲು. ಮಾವನದು. ಕಿರುಚಿದ. ತುಳಿದ. ಅದು ಕರಗಿತು. ಕಾಲುಂಗುರ ಚುಚ್ಚಿತು. ಕರಗಿತು. ಸಗಣಿ, ಬೂದಿ, ಹೆಣದ ಮುಂದಿನ ಊದುಬತ್ತಿ, ಎಲ್ಲದರ ವಾಸನೆ ಮೂಗಿಗೆ ಅಡರಿತು. ಪಾದ ಜೋಮು ಹಿಡಿಯಿತು. ಕಣಕಾಲು ಜೋಮು ಹಿಡಿಯಿತು.

“ಹೊಸ್ತಲಕ್ಕ ಬಂತ್ರೀ!”

ರೋಹಿಣಿಯ ಸೀರೆಯ ಸೆರಗು ಗಾಳಿಯಿಲ್ಲದೆ ಅಲುಗಿತು. ಅವಳ ತೊಡೆಯ ಮೇಲೆ ಏನೋ ಹತ್ತಿ ಇಳಿಯಿತು. ರಾಡಿಯಲ್ಲಿ ಒಂದು ಪುಟ್ಟ ಪಾದ ಮೂಡಿತು. ಐದು ಬೆರಳು. ಪಕ್ಕದಲ್ಲಿ ಇನ್ನೊಂದು. ನಿಂತಿತು. ಅವನ ಕಡೆ ತಿರುಗಿತು.

“ತುಳೀರಿ!” ಎಂದಳು ಅನ್ನವ್ವ.

ಮಗಳ ಹೆಜ್ಜೆ. ಮೊಬೈಲಿನಲ್ಲಿ ಹಿಡಿದ ಹೆಜ್ಜೆ. ಅವನ ಕಾಲು ಮೇಲೆದ್ದಿತು, ಇಳಿಯಲಿಲ್ಲ. ಆ ಗುರುತು ಮತ್ತೆ ತಿರುಗಿತು. ಬೀದಿಯ ಕಡೆ. ತಪ್. ಇನ್ನೊಂದು. ರಾಡಿ ಮುಗಿಯುತ್ತಿತ್ತು.

ಈರೇಶ ಹಾರಿದ. ಎರಡೂ ಕಾಲಿಂದ ತುಳಿದ. ಅಳುತ್ತ ತುಳಿದ. ಮೊಣಕಾಲು ಹೋಯಿತು. ಮುಖ ಅಡಿಯಾಗಿ ಬಿದ್ದ. ಬಾಯಿ ತುಂಬ ಮಣ್ಣು.

ಹೊಸ್ತಿಲ ಮೇಲೆ ಕೂಸು ಕಿಟಾರನೆ ಕಿರುಚಿ ತಾಯಿಯ ಹೊಟ್ಟೆಗೆ ಒದೆಯಿತು. ಮತ್ತೆ ಒದೆಯಿತು. ರೋಹಿಣಿ ನಗುತ್ತ ಅಳುತ್ತ ಆ ಕಾಲುಗಳನ್ನು ಹಿಡಿದು ಮುದ್ದಿಟ್ಟಳು. ಅಂಗಳದಲ್ಲಿ ಗಂಡ ಏಳಲು ಒದ್ದಾಡುತ್ತಿರುವುದು ಆ ಗಳಿಗೆಯಲ್ಲಿ ಅವಳಿಗೆ ಕಾಣಲಿಲ್ಲ.

ಓಕಿನ ಪಟ್ಟಿಗಳನ್ನು ಕಿತ್ತು ಆ ಮಣ್ಣನ್ನೇ ಮತ್ತೆ ಪಡಸಾಲೆಗೆ ಹಾಕಿದರು. ಅದರ ಮೇಲೆ ಇಳಿಸಿದಾಗ ಈರೇಶ ಎದ್ದು ನಿಂತ, ನಡೆದ. ಹೊಸ್ತಿಲ ಕಲ್ಲಿನ ಮೇಲೆ ಕಾಲಿಟ್ಟ ಕೂಡಲೇ ಕುಸಿದ. ಡಾಂಬರು, ಟೈಲ್ಸು, ಫರ್ಸಿ ಕಲ್ಲು, ಬಸ್ಸಿನ ಮೆಟ್ಟಿಲು, ಯಾವುದರ ಮೇಲೂ ಅವನಿಗೆ ಕಾಲಿಲ್ಲ. ಮಣ್ಣು ಒಣಗಿ ಬಿರುಕು ಬಿಟ್ಟರೆ ಮನೆಯೊಳಗೂ ತೊಡರುತ್ತಾನೆ. ಪಟ್ಟಿಗಳನ್ನು ಅನ್ನವ್ವ ಸ್ನಾನದ ಹಂಡೆಯ ಒಲೆಗೆ ತುರುಕುತ್ತಾಳೆ. “ಪರದೇಶದ ಕಟ್ಟಿಗಿ ಅಂತ. ಉರಿ ಇಲ್ಲ, ಬರೇ ಹೊಗಿ,” ಎನ್ನುತ್ತಾಳೆ.

ಯಾರಾದರೂ ಬಂದು ಕೇಳಿದರೆ ಈರೇಶ ನರದ ದೌರ್ಬಲ್ಯ ಎನ್ನುತ್ತಾನೆ, ಯಾವುದೋ ವಿಟಮಿನ್ ಹೆಸರು ಹೇಳುತ್ತಾನೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಈ ಜಟ್ಟಿಯ ಮೀಸೆಯಿಂದ ಮಣ್ಣು ಕೊಡವಿದ್ದನ್ನು ಊರೇ ನೋಡಿದೆ.

ನೀಲಾ ಈಗ ಓಡುತ್ತಾಳೆ. ನಡೆಯಲು ಬಂದ ಕೂಸು ಮನೆಯಲ್ಲಿ ನಿಲ್ಲುತ್ತದೆಯೇ? ನಿನ್ನೆ ಅಂಗಳ ದಾಟಿ ಬೀದಿಗಿಳಿದಳು. ಎರಡು ಹೆಜ್ಜೆ ಓಡಿದಳು, ನಿಂತಳು, ತಿರುಗಿ ನೋಡಿದಳು.

“ಅಪ್ಪಾ, ಬಾ!”

ಈರೇಶ ಹೊಸ್ತಿಲವರೆಗೆ ಬಂದು ಚೌಕಟ್ಟು ಹಿಡಿದು ನಿಂತ. ಬೀದಿಯ ತಿರುವಿನಲ್ಲಿ ಟ್ರ್ಯಾಕ್ಟರಿನ ಸಪ್ಪಳ ಕೇಳಿಸಿತು. “ನೀಲಾ, ಒಳಗ ಬಾ ಅವ್ವಾ,” ಎಂದ. ಅವಳು ನಕ್ಕು ಇನ್ನೆರಡು ಹೆಜ್ಜೆ ಆಚೆ ಓಡಿದಳು. ಅವನು ಕಲ್ಲಿನ ಮೇಲೆ ಕಾಲಿಟ್ಟ, ಕುಸಿದ, ಮೊಣಕೈಯೂರಿ ತೆವಳಿದ, ಕೂಗಿದ. ಎದುರು ಮನೆಯ ಹಲೀಮಾಬಿ ಓಡಿಬಂದು ಕೂಸನ್ನು ಎತ್ತಿಕೊಂಡಳು. ಟ್ರ್ಯಾಕ್ಟರ್ ಹಾದುಹೋಯಿತು.

ಅವಳು ಕೂಸನ್ನು ಅವನ ಕೈಗೆ ಕೊಡಲಿಲ್ಲ. ನೆಲದಲ್ಲಿ ಬಿದ್ದವನನ್ನು ದಾಟಿ ಒಳಗೆ ಹೋಗಿ ಅನ್ನವ್ವನ ಕೈಗೆ ಕೊಟ್ಟಳು. ಈರೇಶ ತೆವಳಿಕೊಂಡು ಪಡಸಾಲೆಗೆ ಬಂದು ಗೋಡೆಗೆ ಒರಗಿದ. ನೆಲ ಅಲ್ಲಲ್ಲಿ ಬಿರುಕು ಬಿಟ್ಟಿತ್ತು.

“ಅತ್ತಿ,” ಎಂದ ಸಣ್ಣ ದನಿಯಲ್ಲಿ, “ಇವತ್ತ ಸಾರಸ್ತೀರೇನ್ರಿ?”

ಅನ್ನವ್ವ ಕೂಸಿನ ಮುಖ ಒರೆಸಿ, ನೀರು ಕುಡಿಸಿ, ತೊಟ್ಟಿಲಿಗೆ ಹಾಕಿದಳು. ಆಮೇಲೆ ಸಗಣಿಯ ಬುಟ್ಟಿ ತಂದಳು.

“ಕಾಲ ಎತ್ರಿ ಅಳಿಯಂದ್ರ,” ಎಂದಳು.